ತಪ್ಪು ಹೆಚ್ಚಿದ್ದ ವಾರ್ಡೇ ಮೇಲು!

ಒಂದು ವಾರ್ಡಿನ ದಾಖಲೆಯಲ್ಲಿ ಔಷಧಿ ಕೊಡುವಾಗ ಆದ ತಪ್ಪುಗಳು ಸಾಲುಸಾಲಾಗಿವೆ. ಪಕ್ಕದ ವಾರ್ಡಿನದು ಹೆಚ್ಚುಕಡಿಮೆ ಖಾಲಿ. ನಿಮ್ಮ ತಾಯಿಯನ್ನು ಯಾವುದಕ್ಕೆ ಸೇರಿಸುತ್ತೀರಿ?

1990ರ ದಶಕದಲ್ಲಿ ಹಾರ್ವರ್ಡ್‌ನ ಸಂಶೋಧನಾ ವಿದ್ಯಾರ್ಥಿನಿ ಏಮಿ ಎಡ್ಮಂಡ್ಸನ್ ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ಘಟಕಗಳನ್ನು ಅಧ್ಯಯನ ಮಾಡಿದರು. ಹೊಂದಾಣಿಕೆಯಿದ್ದ ಕಡೆ ತಪ್ಪು ಕಡಿಮೆ ಎಂಬುದು ಅವರ ಎಣಿಕೆ. ಲೆಕ್ಕ ಹಾಕಿದರೆ ಎಲ್ಲ ಉಲ್ಟಾ! ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ಕಂಡವು. ಅನುಮಾನ ಬಂದು, ಈ ಅಂಕಿಗಳ ಸುಳಿವೇ ಇಲ್ಲದ ಸಹಾಯಕರೊಬ್ಬರನ್ನು ವಾರ್ಡುಗಳಿಗೆ ಕಳಿಸಿದರು. ಗುಟ್ಟು ಬಯಲಾಯಿತು: ಒಳ್ಳೆಯ ತಂಡದ ನರ್ಸುಗಳು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೈಗುಳಕ್ಕೆ ಅಂಜುವ ಕಡೆ ಮುಚ್ಚಿಡುತ್ತಿದ್ದರು. ಈ ಅಧ್ಯಯನ 1996ರಲ್ಲಿ ಪ್ರಕಟವಾಯಿತು.

ಸಹೋದ್ಯೋಗಿಗಳ ನಡುವಿನ ಇಂಥ ನಂಬಿಕೆ, ಕೊಡುಕೊಳೆಗಳನ್ನು ಸಮಾಜಶಾಸ್ತ್ರಜ್ಞರು 'ಸಾಮಾಜಿಕ ಬಂಡವಾಳ' ಎನ್ನುತ್ತಾರೆ. 1916ರಲ್ಲೇ ವೆಸ್ಟ್ ವರ್ಜೀನಿಯಾದ ಹಳ್ಳಿಶಾಲೆಗಳ ಅಧಿಕಾರಿ ಹ್ಯಾನಿಫನ್ ಈ ಮಾತು ಬಳಸಿದ್ದರು. ಮುಂದೆ ಬೂರ್ದ್ಯೂ, ಕೋಲ್ಮನ್, ಪುಟ್ನಮ್ ಎಂಬ ವಿದ್ವಾಂಸರು ಅದನ್ನು ಬೆಳೆಸಿದರು. ನಮ್ಮ ರೈತರಿಗೆ ಇದು ಹೊಸದಲ್ಲ. ಮುಯ್ಯಾಳು ಪದ್ಧತಿ ನೆನಪಿಸಿಕೊಳ್ಳಿ: ಇಂದು ನಿಮ್ಮ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಪತ್ರವಿಲ್ಲ, ಸಾಕ್ಷಿಯಿಲ್ಲ, ಆದರೂ ಲೆಕ್ಕ ತಪ್ಪುವುದಿಲ್ಲ. ಒಬ್ಬ ಮುಯ್ಯಿ ತೀರಿಸದೆ ಕೈಕೊಟ್ಟರೆ ಮುಂದಿನ ಮಳೆಗಾಲಕ್ಕೆ ಅವನ ಗದ್ದೆಗೆ ಯಾರೂ ಇಳಿಯರು. ಬಂಡವಾಳ ಇರುವುದು ಯಾರೊಬ್ಬರ ಕಿಸೆಯಲ್ಲೂ ಅಲ್ಲ, ಅವರ ನಡುವೆ.

ವಾರ್ಡಿನಲ್ಲೂ ಹಾಗೆಯೇ. ಇನ್ಸುಲಿನ್, ಹೆಪಾರಿನ್‌ನಂಥ ಅಪಾಯದ ಔಷಧಿಗಳ ಪ್ರಮಾಣವನ್ನು ಎರಡನೆಯ ನರ್ಸ್ ಬೇರೆಯಾಗಿ ಲೆಕ್ಕ ಹಾಕಿ ನೋಡಬೇಕೆಂಬ ನಿಯಮ ಎಷ್ಟೋ ಆಸ್ಪತ್ರೆಗಳಲ್ಲಿದೆ. ಆದರೆ ಕೈತುಂಬ ಕೆಲಸವಿರುವ ಹಿರಿಯ ಸಿಸ್ಟರನ್ನು 'ಒಮ್ಮೆ ನೋಡ್ತೀರಾ?' ಎಂದು ಕರೆಯಲು ಕಿರಿಯಳಿಗೆ ಧೈರ್ಯ ಬೇಕು. ಪಾಳಿ ಮುಗಿಸಿ ಹೊರಟವಳು 'ಮೂರನೇ ಬೆಡ್ಡಿನವರು ಯಾಕೋ ಸರಿ ಕಾಣ್ತಿಲ್ಲ' ಎಂದು ಹೇಳಿಹೋಗುವ ಸಲುಗೆಯೂ ಇರಬೇಕು. ಅಂಥ ಅನಿಸಿಕೆ ಬರೆಯಲು ಚಾರ್ಟಿನಲ್ಲಿ ಕಾಲಂ ಇರುವುದಿಲ್ಲ.

ಇಷ್ಟು ಕೇಳಿದ ಕೂಡಲೇ ಕೆಲವು ಆಡಳಿತ ಮಂಡಳಿಗಳು 'ಟೀಮ್ ಬಿಲ್ಡಿಂಗ್' ಶಿಬಿರಕ್ಕೆ ಹಣ ಕಟ್ಟುತ್ತವೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಅವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ದಾಖಲೆ ಪರಿಶೀಲಿಸಿ 2002ರಲ್ಲಿ ವರದಿ ಮಾಡಿತು: ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿತ್ತು. ಮುಯ್ಯಿಗೆ ಬರಲೂ ಆಳು ಬೇಕಷ್ಟೆ! ಬಿಡುವೇ ಇಲ್ಲದ ಕಡೆ ಯಾರು ಯಾರಿಗೆ ನೆರವಾಗಬೇಕು?

ಆದ್ದರಿಂದ ಮೊದಲು ಸಾಕಷ್ಟು ನರ್ಸುಗಳನ್ನು ನೇಮಿಸಲಿ, ಆಮೇಲೆ ತಪ್ಪು ಹೇಳಿಕೊಂಡವರನ್ನು ದಂಡಿಸುವುದನ್ನು ನಿಲ್ಲಿಸಲಿ. ಶಿಬಿರದ ಖರ್ಚು ಉಳಿಯುತ್ತದೆ.