ಕೂಸು ಯಾರ ಪಾಪದ ಫಲವೂ ಅಲ್ಲ

ಗೃಹಸ್ಥಾಶ್ರಮದಲ್ಲಿ ಸಂತಾನವನ್ನು ಹಿರಿಯರು ಭಾಗ್ಯವೆಂದು ಕರೆದರು. ಆದರೆ ಹುಟ್ಟಿದ ಕೂಸು ಕುತ್ತಿಗೆ ನಿಲ್ಲಿಸದೆ, ಎದ್ದು ಕೂಡದೆ, ಕರೆದರೆ ತಿರುಗಿ ನೋಡದೆ ಬೆಳೆಯತೊಡಗಿದರೆ ಅದೇ ಮನೆಯಲ್ಲಿ ಭಾಗ್ಯದ ಮಾತು ನಿಂತು ಕರ್ಮದ ಮಾತು ಸುರುವಾಗುತ್ತದೆ. ಅತ್ತೆ ಸೊಸೆಯ ತವರಿನ ಕಡೆಗೆ ಬೆರಳು ಮಾಡುತ್ತಾಳೆ. ಗ್ರಹಣದ ದಿನ ಹೊರಗೆ ಬಂದಿದ್ದಳಂತೆ ಎಂದು ನೆರೆಯವರು ಆಡಿಕೊಳ್ಳುತ್ತಾರೆ. ಅಮಾವಾಸ್ಯೆಗೆ ಶ್ರೀಮಠಕ್ಕೆ ಬರುವ ಇಂಥ ತಾಯಂದಿರು ನಮ್ಮ ಮುಂದೆ ಕೂಸನ್ನು ಮಲಗಿಸಿ ಮೊದಲು ಕೇಳುವುದು ಔಷಧದ ವಿಚಾರವಲ್ಲ. “ಅಜ್ಜಾರ, ನಾ ಏನು ಪಾಪ ಮಾಡೇನ್ರಿ?” ಎಂದು ಕೇಳುತ್ತಾರೆ.

ಏನೂ ಮಾಡಿಲ್ಲ ತಾಯಿ. ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಸ್ಥಿತಿ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಬೀಳುವುದರಿಂದ ಉಂಟಾಗುತ್ತದೆ. ಅವಧಿಗೆ ಬಹಳ ಮುಂಚೆ ಹೆರಿಗೆಯಾದರೆ, ಹುಟ್ಟುವಾಗ ಉಸಿರು ಕಟ್ಟಿದರೆ, ಹುಟ್ಟಿದ ಮೇಲೆ ಕಾಮಾಲೆ ವಿಪರೀತಕ್ಕೆ ಏರಿದರೆ ಅಥವಾ ಮಿದುಳಿಗೆ ಸೋಂಕು ತಗುಲಿದರೆ ಹೀಗಾಗಬಹುದು. ಡೌನ್ ಸಿಂಡ್ರೋಮ್ ಎಂಬುದು ವರ್ಣತಂತುವೊಂದು ಹೆಚ್ಚಾಗಿ ಬರುವುದರಿಂದ ಆಗುವಂಥದು. ಇವುಗಳಲ್ಲಿ ಶಾಪ ಎಲ್ಲಿದೆ? ಕರ್ಮಸಿದ್ಧಾಂತವನ್ನು ಶಾಸ್ತ್ರವೇ ಹೇಳಿದೆಯಲ್ಲ ಎಂದು ಬಲ್ಲವರು ಕೇಳಬಹುದು. ಹೇಳಿದೆ, ಮನುಷ್ಯನು ತನ್ನ ನಡೆಯನ್ನು ತಾನು ತಿದ್ದಿಕೊಳ್ಳಲಿ ಎಂದು ಹೇಳಿದೆ. ಬಾಣಂತಿಯ ಮೇಲೆ ಕಲ್ಲು ಎಸೆಯಲು ಯಾವ ಶಾಸ್ತ್ರವೂ ಅಪ್ಪಣೆ ಕೊಟ್ಟಿಲ್ಲ.

ಹತ್ತಿರದ ರಕ್ತಸಂಬಂಧದಲ್ಲಿ, ಅದರಲ್ಲೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮದುವೆಯಲ್ಲಿ, ಕೆಲವು ಅನುವಂಶಿಕ ರೋಗಗಳು ಮಕ್ಕಳಿಗೆ ಬರುವ ಸಂಭವ ಹೆಚ್ಚು. ಅಂಥ ರೋಗಗಳು ಸಾಮಾನ್ಯವಾಗಿ ತಂದೆ ತಾಯಿ ಇಬ್ಬರ ಕಡೆಯಿಂದಲೂ ಸಮನಾಗಿ ಬರುವಂಥವು. ಹೊಲ ಹೊರಗೆ ಹೋಗಬಾರದೆಂದು ಮದುವೆ ನಿಶ್ಚಯಿಸಿದವರು ಹಿರಿಯರು, ಬೈಸಿಕೊಳ್ಳುವವಳು ಮಾತ್ರ ಸೊಸೆ. ಇದೆಂಥ ನ್ಯಾಯವೋ!

ಇಂಥ ಮಗುವಿಗೆ ಲಿಂಗದೀಕ್ಷೆ ಸಲ್ಲುತ್ತದೆಯೇ ಎಂದು ಕೆಲವರು ಅಂಜುತ್ತಲೇ ಕೇಳುತ್ತಾರೆ. ಜೊಲ್ಲು ಸುರಿಸುತ್ತದೆ, ಮೈಮೇಲೆ ಎಚ್ಚರವಿಲ್ಲ ಎಂಬುದು ಅವರ ಸಂಕೋಚ. ಹುಟ್ಟಿದ ಕೂಸಿಗೇ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಆ ಕೂಸು ಮುಂದೆ ನಡೆದೀತೋ, ಮಾತಾಡೀತೋ ಎಂದು ಪರೀಕ್ಷೆ ಮಾಡಿ ಯಾರೂ ಲಿಂಗ ಕಟ್ಟುವುದಿಲ್ಲ. ಪಂಚಸೂತಕಗಳನ್ನು ನಿರಾಕರಿಸಿದ ಧರ್ಮವಿದು. ಆ ಐದರಲ್ಲಿ ಎಂಜಲ ಸೂತಕವೂ ಒಂದು. ಹೀಗಿರುವಾಗ ಮಗುವಿನ ಜೊಲ್ಲಿಗೆ ಮೈಲಿಗೆ ಎಲ್ಲಿಂದ ಬಂತು? ಜಾತ್ರೆಗೂ ಕರೆತನ್ನಿ, ದಾಸೋಹದ ಪಂಕ್ತಿಗೂ ಕರೆತನ್ನಿ. ಒಳಕೋಣೆಯಲ್ಲಿ ಬಚ್ಚಿಡಬೇಡಿ.

ಇನ್ನು ಆರೈಕೆಯ ಮಾತು. ಕೈಕಾಲು ಸೆಟೆದ ಮಗುವಿಗೆ ಒಂದು ಹೊತ್ತು ಉಣಿಸಲು ಕೆಲವೊಮ್ಮೆ ಒಂದು ತಾಸು ಹಿಡಿಯುತ್ತದೆ. ಅವಸರಕ್ಕೆ ಮಲಗಿಸಿ ಬಾಯಿಗೆ ಸುರಿದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯವುಂಟು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂಡ್ರಿಸಿ, ತಲೆ ಹಿಂದಕ್ಕೆ ಬೀಳದಂತೆ ಹಿಡಿದು, ಸಣ್ಣ ಚಮಚದಿಂದ ಒಂದೊಂದೇ ತುತ್ತು ಕೊಡಬೇಕು. ನುಂಗಲು ಕಷ್ಟಪಡುವ ಎಷ್ಟೋ ಮಕ್ಕಳಿಗೆ ತೀರ ನೀರಾದ ಗಂಜಿಗಿಂತ ಮೆತ್ತಗೆ ಅರೆದ ಮಂದವಾದ ಗಂಜಿ ಅನುಕೂಲ. ಉಂಡ ಮೇಲೆ ಅರ್ಧ ತಾಸಾದರೂ ಕೂತಂತೆಯೇ ಇರಲಿ. ಇದರ ನಡುವೆ ಕಾಲು ಸೆಟೆದು ಗಂಟಾಗದಂತೆ ದಿನವೂ ವ್ಯಾಯಾಮ ಮಾಡಿಸಬೇಕು, ಬಟ್ಟೆ ಬದಲಿಸಬೇಕು, ರಾತ್ರಿ ಮಗ್ಗುಲು ಹೊರಳಿಸಬೇಕು. ಇಷ್ಟನ್ನೂ ಒಬ್ಬಳೇ ಮಾಡುತ್ತಾಳೆ. ಮಗ ಹದಿನಾಲ್ಕು ವರ್ಷದವನಾಗಿ ಭಾರವಾದರೂ ಅವಳೇ ಎತ್ತುತ್ತಾಳೆ, ಅಷ್ಟರಲ್ಲಿ ಅವಳ ನಡು ಬಿದ್ದಿರುತ್ತದೆ. ಕಾಯಕವೆಂದು ದಿನಕ್ಕೆ ಹತ್ತು ಸಲ ನುಡಿಯುವ ಗಂಡಸರು ಒಂದು ಹೊತ್ತು ಚಮಚ ಹಿಡಿದರೆ ಆಕೆ ಬಿಸಿ ರೊಟ್ಟಿ ಕುಳಿತು ಉಂಡಾಳು.

ಇಂಥ ಮಕ್ಕಳಲ್ಲಿ ಅನೇಕರಿಗೆ ಮೂರ್ಛೆಯೂ ಬರುತ್ತದೆ. ಆಗ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಮಗ್ಗುಲಾಗಿ ಮಲಗಿಸಿ ಬಾಯಿಯ ಜೊಲ್ಲು ಹೊರಗೆ ಹರಿಯಗೊಡಬೇಕು. ಐದು ನಿಮಿಷ ದಾಟಿಯೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಹರಕೆ ಹೊತ್ತೆವೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವವರಿದ್ದಾರೆ. ಇದರಿಂದ ಮೂರ್ಛೆ ಮೊದಲಿಗಿಂತ ಉಗ್ರವಾಗಿ ಮರಳಿ, ಪ್ರಾಣಕ್ಕೇ ಅಪಾಯವಾದೀತು. ನಮ್ಮ ವಿಭೂತಿ ಮಾತ್ರೆಗೆ ಬದಲಿಯಲ್ಲ. ಎಳೆಗೂಸಿನ ಹೊಟ್ಟೆಗೆ ಬರೆ ಹಾಕಿಸಿಕೊಂಡು ಆಮೇಲೆ ಆಶೀರ್ವಾದಕ್ಕೆ ಬರುವವರನ್ನು ಕಂಡರೆ ನಮಗೆ ಸಿಟ್ಟೇ ಬರುತ್ತದೆ.

ಗದುಗಿನ ಗವಾಯಿಗಳ ಹೆಸರು ಹೇಳಿ ತಂದೆತಾಯಿಯರನ್ನು ಸಮಾಧಾನ ಮಾಡುವ ವಾಡಿಕೆ ನಮ್ಮ ಕಡೆ ಇದೆ. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆ ನಾಡಿಗೆ ಬೆಳಕಾದದ್ದು ನಿಜ. ಆದರೆ ಬಾಯಿ ಬಾರದ, ತಿಳಿವಳಿಕೆ ಬೆಳೆಯದ ಮಗು ಗವಾಯಿಯಾಗಲಾರದು. ಆಗಬೇಕಾದ ಅಗತ್ಯವೂ ಇಲ್ಲ. ಆ ಚರಿತ್ರೆಯಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳನ್ನು ನೋಡಿರಿ. ಅಂಧ ಬಾಲಕನಿಗೆ ಅವರು ಆಶ್ರಯ ಕೊಟ್ಟರು, ಸಂಗೀತ ಕಲಿಯುವ ಏರ್ಪಾಡು ಮಾಡಿದರು. ಆಸರೆ ಮೊದಲು ಬಂತು, ಕೀರ್ತಿ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಸರ್ಕಾರದಿಂದಲೂ ಕೆಲವು ಅನುಕೂಲಗಳುಂಟು, ಕೇಳಿ ಪಡೆಯಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. ಮಗು ತಡವಾಗಿ ಬೆಳೆಯುತ್ತಿದೆ ಎನಿಸಿದರೆ ಆ ದಿನಕ್ಕೂ ಕಾಯದೆ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ. ಮಾತು, ಕಿವಿಯ ತೊಂದರೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ನಿರಾಮಯ ಎಂಬ ವಿಮೆಯಿಂದ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೂ ತಾಯಿತಂದೆಯರ ಎದೆಯಲ್ಲಿ ಒಂದು ಮುಳ್ಳು ಉಳಿಯುತ್ತದೆ. ನಮ್ಮ ಕಣ್ಣು ಮುಚ್ಚಿದ ಮೇಲೆ ಈ ಕೂಸಿಗೆ ಯಾರು? 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಇದಕ್ಕೊಂದು ದಾರಿ ಇದೆ. ಮೇಲೆ ಹೇಳಿದ ನಾಲ್ಕು ಬಗೆಯ ತೊಂದರೆಯುಳ್ಳ ಮಗ ಅಥವಾ ಮಗಳಿಗೆ ಹದಿನೆಂಟು ತುಂಬಿದ ಮೇಲೆ ಜಿಲ್ಲೆಯ ಸ್ಥಳೀಯ ಸಮಿತಿಯು ಪೋಷಕರನ್ನು ನೇಮಿಸುತ್ತದೆ. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿಗಳು ಇರುತ್ತಾರೆ. ನೀವು ಗಟ್ಟಿಯಾಗಿರುವಾಗಲೇ ಅಣ್ಣತಮ್ಮಂದಿರನ್ನೂ ಹೆಣ್ಣುಮಕ್ಕಳನ್ನೂ ಒಟ್ಟಿಗೆ ಕೂಡ್ರಿಸಿ ಮಾತಾಡಿ, ಹೊಣೆ ಹೊರಲು ಮನಸ್ಸುಳ್ಳವರ ಹೆಸರಿನಲ್ಲಿ ಅರ್ಜಿ ಕೊಡಿರಿ. ಮಾತು ಕೂಡಿಬರದ ಮನೆಯವರು ಶ್ರೀಮಠಕ್ಕೆ ಬಂದರೆ ನಾವೂ ಜೊತೆಗೆ ಕೂಡುತ್ತೇವೆ.