ಪಥ್ಯದ ಚೀಟಿಯೂ ವಿಮೆಯ ಹಣವೂ

ಪಥ್ಯವಿಲ್ಲದೆ ಔಷಧವು ಫಲಿಸದೆಂಬುದು ನಮ್ಮ ಹಿರಿಯರ ಅನುಭವ. ಆದರೂ ಆಸ್ಪತ್ರೆಯಿಂದ ಮರಳುವಾಗ ಔಷಧದ ಚೀಟಿಯನ್ನು ಜೋಪಾನವಾಗಿ ತರುವ ನಾವು ಪಥ್ಯದ ಚೀಟಿಯನ್ನು ಕೇಳುವುದು ಅಪರೂಪ. ಅದಕ್ಕೆ ಬೇರೆ ಹಣ ತೆರಬೇಕಾದೀತೆಂಬ ಅಂಜಿಕೆಯೂ ಇದಕ್ಕೊಂದು ಕಾರಣ. ಆದಕಾರಣ ಈ ವಿಷಯದಲ್ಲಿ ವಿಮೆಯ ಕ್ರಮವೇನೆಂಬುದನ್ನು ಗೃಹಸ್ಥರು ಅರಿತಿರುವುದು ಲೇಸು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ದೊಡ್ಡ ಕಾಯಿಲೆಯಾದರೆ ಇಲ್ಲಿಯವರು ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ಹೋಗುವುದುಂಟು. ಹರಪನಹಳ್ಳಿಯ ಗೃಹಸ್ಥರೊಬ್ಬರು, ಮಧುಮೇಹದಿಂದ ಕಾಲಿನಲ್ಲಿ ಹುಣ್ಣಾದ ತಮ್ಮ ತಾಯಿಯನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರೆನ್ನೋಣ. ಅಲ್ಲಿ ಡಯೆಟೀಷಿಯನ್ ಎನಿಸಿಕೊಂಡ ಆಹಾರತಜ್ಞರು ಬಂದು ಆಕೆಯ ಊಟವನ್ನು ಗೊತ್ತುಮಾಡುತ್ತಾರೆ. ಅದಕ್ಕಾಗಿ ಬಿಲ್ಲಿನಲ್ಲಿ ಪ್ರತ್ಯೇಕ ಮೊತ್ತ ಬರೆದಿದ್ದರೆ ಅದನ್ನು ಕೊಡುವವರು ಯಾರು?

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ೨೦೨೦ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಆಹಾರಯೋಜನೆ, ಆಹಾರತಜ್ಞರ ಶುಲ್ಕ, ಪಥ್ಯದ ವೆಚ್ಚ ಇವೆಲ್ಲವೂ ಚಿಕಿತ್ಸೆಯ ವೆಚ್ಚದಲ್ಲಿಯೇ ಅಡಗಿರತಕ್ಕವೆಂದು ಹೇಳಿದೆ. ಬೇರೆ ಬಾಬಾಗಿ ಬರೆದರೆ ವಿಮಾ ಕಂಪನಿಯವರು ಅದನ್ನು ಕಳೆಯಬಹುದು. ಆಗ ಹೊರೆ ರೋಗಿಯ ಮನೆಯವರ ಮೇಲೆ ಬೀಳುತ್ತದೆ. ಅಂತಹ ಬಾಬು ಕಂಡೊಡನೆ, ಹಣ ಕಟ್ಟುವ ಮೊದಲೇ, ಆಸ್ಪತ್ರೆಯ ವಿಮಾ ವಿಭಾಗದವರನ್ನು ವಿನಯದಿಂದ ವಿಚಾರಿಸತಕ್ಕದ್ದು.

ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಗಳಿಗೆ ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯುಂಟು. ಅದರಲ್ಲಿ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಒಂದೊಂದು ಚಿಕಿತ್ಸೆಗೂ ಒಟ್ಟು ದರ ನಿಗದಿಯಾಗಿದ್ದು, ಒಳರೋಗಿಯ ಆಹಾರವೂ ಅದರಲ್ಲಿ ಸೇರಿದೆ.

ಮನೆಗೆ ಬಂದ ಮೇಲಿನ ಮಾತು ಬೇರೆ. ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದ ಚಿಕಿತ್ಸೆಗೆ ಮೀಸಲು. ಹೊರರೋಗಿಯ ವೆಚ್ಚವನ್ನು ಪಾಲಿಸಿಯಲ್ಲಿ ಬರೆದಿದ್ದರೆ ಸರಿ. ಇಲ್ಲವಾದರೆ ಆಹಾರತಜ್ಞರ ಸಲಹೆಗೆ ಕೈಯಿಂದಲೇ ಹಣ ಕೊಡಬೇಕಾಗುತ್ತದೆ.

ಹೀಗಿರುವಲ್ಲಿ ಬಿಡುಗಡೆಗೆ ಮುಂಚಿನ ಘಳಿಗೆಯೇ ಬೆಲೆಯುಳ್ಳದ್ದು. ಆಹಾರತಜ್ಞರನ್ನು ಕಂಡು ಪಥ್ಯವನ್ನು ಕನ್ನಡದಲ್ಲಿ ಬರೆಯಿಸಿಕೊಳ್ಳಿರಿ. ಅಂಗಡಿಯ ಓಟ್ಸ್ ಬೇಡ. ನಮ್ಮ ಮನೆಯ ಜೋಳದ ರೊಟ್ಟಿ ಎಷ್ಟು, ಅನ್ನ ಎಷ್ಟು, ಯಾವ ಹೊತ್ತಿಗೆ ಎಂದು ಕೇಳಿರಿ. ಅಡಿಗೆ ಮಾಡುವ ಸೊಸೆಯೋ ಮಗಳೋ ಅಲ್ಲಿದ್ದು ಕೇಳಿಕೊಂಡರೆ ಇನ್ನೂ ಮೇಲು. ಚಿಕಿತ್ಸೆಯ ಹಣದಲ್ಲಿಯೇ ಸಂದಿರುವ ಈ ಸಲಹೆಯನ್ನು ಬಿಟ್ಟುಬಂದು, ಮಾಯ್ದ ಹುಣ್ಣು ಮತ್ತೆ ಕೆರಳಿ ಅದೇ ಆಸ್ಪತ್ರೆಯ ಬಾಗಿಲಿಗೆ ಹೋಗುವುದಕ್ಕಿಂತ ದೊಡ್ಡ ನಷ್ಟ ಸಂಸಾರಕ್ಕೆ ಮತ್ತೇನಿದೆ?