ಹೊಸ ಇಂಜಿನಿಯರು, ಬಾಂಡ್ ಪತ್ರ ಮತ್ತು ವೃತ್ತಿ ನಡತೆ

ಪದವಿ ಫಲಿತಾಂಶ ಪ್ರಕಟವಾದ ಕೆಲವೇ ವಾರಗಳಲ್ಲಿ ನಮ್ಮ ಭಾಗದ ಉದ್ಯಮಿಗಳು ಲೆಕ್ಕಪರಿಶೋಧಕರ ಮುಂದೆ ಒಂದೇ ಪ್ರಶ್ನೆಯನ್ನು ಇಡುತ್ತಾರೆ: “ಹೊಸ ಇಂಜಿನಿಯರ್ ಒಬ್ಬನನ್ನು ತೆಗೆದುಕೊಳ್ಳಬೇಕೆಂದಿದ್ದೇವೆ, ಬಾಂಡ್ ಎಷ್ಟಕ್ಕೆ ಬರೆಸಿಕೊಳ್ಳೋಣ?” ಪಗಾರ ಎಷ್ಟು, ಕೆಲಸ ಯಾವುದು, ಕಲಿಸುವವರು ಯಾರು ಎಂಬ ವಿಚಾರಗಳು ನಂತರ ಬರುತ್ತವೆ. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಉದ್ಯಮಿಗಳ ಆತಂಕ ನಿರಾಧಾರವಾದುದಲ್ಲ. ಸೊರಟೂರದಂತಹ ಹಳ್ಳಿಗಳ ವಿದ್ಯಾರ್ಥಿಗಳು ಗದಗ, ಹುಲಕೋಟಿ, ಲಕ್ಷ್ಮೇಶ್ವರಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಪದವಿ ಪಡೆಯುತ್ತಾರೆ. ಹಲವರಿಗೆ ಮೊದಲ ನೌಕರಿ ಗದಗ ಅಥವಾ ಹುಬ್ಬಳ್ಳಿಯ ಸಣ್ಣ ಘಟಕದಲ್ಲಿಯೇ ದೊರೆಯುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಬೆಂಗಳೂರಿನಿಂದ ಕರೆ ಬರುತ್ತದೆ. ಶನಿವಾರ ಊರಿಗೆ ಹೋದ ಹುಡುಗ ಸೋಮವಾರ ಬರುವುದಿಲ್ಲ, ಮೊಬೈಲೂ ಬಂದ್. ಆತನ ಕಲಿಕೆಯ ಕಾಲದ ಸಂಬಳ, ಕಲಿಸಿದ ಮೇಲ್ವಿಚಾರಕನ ಸಮಯ, ಕೆಟ್ಟುಹೋದ ಮಾಲು ಇವೆಲ್ಲ ಲಾಭ-ನಷ್ಟದ ಲೆಕ್ಕದಲ್ಲಿ ಬೇರೆ ಬೇರೆ ಶಿರೋನಾಮೆಗಳ ಕೆಳಗೆ ಅಡಗಿ ಕುಳಿತಿರುತ್ತವೆ. ಮಾಲೀಕನಿಗೆ ಆದ ನಷ್ಟ ನಿಜ, ಆದರೆ ಅದನ್ನು ತೋರಿಸುವ ಕಾಗದ ಆತನ ಬಳಿ ಇರುವುದಿಲ್ಲ.

2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ನೀಡಿದ ತೀರ್ಪು ಬಾಂಡ್ ಪ್ರಿಯರಿಗೆ ಹುರುಪು ತಂದಿದೆ. 2007ರಲ್ಲಿ ಹಿರಿಯ ವ್ಯವಸ್ಥಾಪಕ ಹುದ್ದೆಗೆ ನೇಮಕಗೊಂಡ ಕಾಸ್ಟ್ ಅಕೌಂಟೆಂಟ್ ಒಬ್ಬರು ಮೂರು ವರ್ಷ ಪೂರೈಸದೆ 2009ರಲ್ಲಿ ರಾಜೀನಾಮೆ ನೀಡಿ ಬೇರೆ ಬ್ಯಾಂಕಿಗೆ ಹೊರಟಾಗ, ಕರಾರಿನಂತೆ 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತ್ತು. ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಇಂತಹ ಷರತ್ತು 1872ರ ಕರಾರು ಕಾಯ್ದೆಯ 27ನೆಯ ಕಲಮಿಗೆ ವಿರುದ್ಧವಲ್ಲವೆಂದು ಹೇಳಿತು.

ಆದರೆ ತೀರ್ಪನ್ನು ಪೂರ್ತಿಯಾಗಿ ಓದಬೇಕು. ಸಾರ್ವಜನಿಕ ವಲಯದ ಬ್ಯಾಂಕು ಬಹಿರಂಗ ಜಾಹೀರಾತು ನೀಡಿ, ಸ್ಪರ್ಧೆಯ ಮೂಲಕವೇ ನೇಮಕ ಮಾಡಿಕೊಳ್ಳಬೇಕು. ನಡುವೆ ಒಬ್ಬರು ಬಿಟ್ಟುಹೋದರೆ ಆ ಖರ್ಚು ಮತ್ತೆ ತಲೆಯ ಮೇಲೆ ಬೀಳುತ್ತದೆ ಎಂಬ ಅಂಶವನ್ನು ನ್ಯಾಯಾಲಯ ಪರಿಗಣಿಸಿತು. ಅಳಿಯನ ಗೆಳೆಯನ ಶಿಫಾರಸಿನ ಮೇಲೆ ಹುಡುಗನನ್ನು ಕರೆದು, ಯಾವ ತರಬೇತಿಯನ್ನೂ ಕೊಡದೆ, ಐದು ಲಕ್ಷದ ಬಾಂಡ್ ಬರೆಸಿಕೊಂಡವರಿಗೆ ಈ ತೀರ್ಪು ಅಷ್ಟೇನೂ ನೆರವಾಗಲಾರದು. ಅದೇ ಕಾಯ್ದೆಯ 74ನೆಯ ಕಲಮಿನ ಪ್ರಕಾರ ಪತ್ರದಲ್ಲಿ ಬರೆದ ಮೊತ್ತವು ಗರಿಷ್ಠ ಮಿತಿ ಮಾತ್ರ. ದೊರೆಯುವುದು ನ್ಯಾಯೋಚಿತ ಪರಿಹಾರ. ಅದಕ್ಕೆ ಖರ್ಚಿನ ದಾಖಲೆ ಬೇಕು. ಹೀಗೆ ವಸೂಲಾದ ಮೊತ್ತಕ್ಕೆ ಜಿ.ಎಸ್.ಟಿ. ಇಲ್ಲವೆಂಬುದು 2022ರ ಆಗಸ್ಟ್ 3ರ ಸುತ್ತೋಲೆಯಿಂದ ಸ್ಪಷ್ಟವಾಗಿದೆ. ಸಣ್ಣ ಸಮಾಧಾನ!

ಇನ್ನು ಮೂಲ ಅಂಕಪಟ್ಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿ. ಅಂಕಪಟ್ಟಿ ಅಡವಿಡುವ ಬಂಗಾರವಲ್ಲ. ಮೂಲವನ್ನು ನೋಡಿ, ನಕಲು ಪಡೆದು, ಅಂದೇ ಹಿಂದಿರುಗಿಸುವುದು ಯೋಗ್ಯ. ಶಿಕ್ಷಣ ಸಾಲ ಹೊತ್ತ ಒಕ್ಕಲು ಮನೆತನದ ಹುಡುಗನು ಆ ಕಾಗದವಿಲ್ಲದೆ ಸರ್ಕಾರಿ ಹುದ್ದೆಯ ದಾಖಲೆ ಪರಿಶೀಲನೆಗೂ ಹೋಗಲಾರನು.

ಹಾಗಾದರೆ ಹೊಸಬರಿಂದ ನಾವು ನಿರೀಕ್ಷಿಸಬೇಕಾದುದು ಏನು? ಮೊದಲ ವರ್ಷದಲ್ಲಿ ಅಪಾರ ಜ್ಞಾನವನ್ನಂತೂ ಅಲ್ಲ, ಬರೆದಿಡುವ ಅಭ್ಯಾಸವನ್ನು. ಗುತ್ತಿಗೆದಾರರು ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕವನ್ನೇ ತೆಗೆದುಕೊಳ್ಳಿ. ಬಿಲ್ಲು, ತೆರಿಗೆ ಕಡಿತ, ಕೊನೆಗೆ ಆಡಿಟ್, ಎಲ್ಲವೂ ಆ ಪುಸ್ತಕದ ಅಂಕಿಗಳ ಮೇಲೆ ನಿಂತಿವೆ. ಸ್ಥಳಕ್ಕೆ ಹೋಗದೆ ಹಿಂದಿನ ದಿನದ ಅಳತೆಯನ್ನು ಅಂದಾಜಿನಿಂದ ತುಂಬಿ ಸಹಿ ಹಾಕಿದರೆ, ಮುಚ್ಚಿಹೋದ ಬುನಾದಿಯನ್ನು ಮತ್ತೆ ಅಗೆದು ನೋಡುವವರಾರು? ಕಾರ್ಖಾನೆಯ ಲಾಗ್ ಪುಸ್ತಕಕ್ಕೂ, ಸರಕು ಸ್ವೀಕೃತಿ ಚೀಟಿಗೂ ಇದೇ ಮಾತು ಅನ್ವಯಿಸುತ್ತದೆ. ತಾನು ನೋಡದ ವಸ್ತುವಿಗೆ ಸಹಿ ಹಾಕದಿರುವವನು, ಮಾಲೀಕರೇ ಒತ್ತಾಯಿಸಿದರೂ “ನೋಡಿ ಬಂದು ಹಾಕುತ್ತೇನೆ ಸರ್” ಎನ್ನಬಲ್ಲವನು, ಆ ಸಂಸ್ಥೆಗೆ ದೊಡ್ಡ ಆಸ್ತಿ. ಇದನ್ನು ಉದ್ಧಟತನವೆಂದು ತಿಳಿಯುವ ಮಾಲೀಕರಿದ್ದಾರೆ. ಅವರಿಗೆ ಅದರ ಬೆಲೆ ತಿಳಿಯುವುದು ಬಿಲ್ಲು ಆಕ್ಷೇಪಣೆಗೆ ಒಳಗಾದಾಗ.

ತಪ್ಪಾದರೆ ಅದೇ ದಿನ ತಿಳಿಸುವುದು, ತಿಳಿಯದಿದ್ದರೆ ಕೇಳುವುದು ಸಹ ನಡತೆಯ ಭಾಗವೇ. ಇಂಗ್ಲಿಷಿನಲ್ಲಿ ಇ-ಮೇಲ್ ಬರೆಯಲು ಅಂಜಿ ಮೂರು ದಿನ ವಿಷಯವನ್ನು ಮುಚ್ಚಿಡುವ ಹುಡುಗರನ್ನು ಕಂಡಿದ್ದೇನೆ. ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೂ ಸಾಕು ಎಂದು ಮಾಲೀಕರು ಮೊದಲೇ ಹೇಳಬೇಕು. ಸಂಸ್ಥೆಯ ನಕ್ಷೆಗಳನ್ನು ಪೆನ್ ಡ್ರೈವಿಗೆ ತುಂಬಿಕೊಂಡು ಹೋಗುವುದು ಮಾತ್ರ ಕ್ಷಮಾರ್ಹವಲ್ಲ.

ಉತ್ತಮ ಅವಕಾಶ ಬಂದಾಗ ಹೊರಡುವುದು ಅಪರಾಧವಲ್ಲ. ಲಿಖಿತ ರಾಜೀನಾಮೆ, ನೋಟಿಸ್ ಅವಧಿ, ಕೈಯಲ್ಲಿರುವ ಕೆಲಸದ ಪಟ್ಟಿ, ಇಷ್ಟು ಸಂದರೆ ಸಾಕು. ಮಾಲೀಕರೂ ತಮ್ಮ ಪಾಲನ್ನು ಸಲ್ಲಿಸಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ನೀಡುವುದು ಮಾಲೀಕರ ಹೊಣೆ. ರಾಜೀನಾಮೆ ನೀಡಿದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. “ಮುಂದಿನ ತಿಂಗಳು ನೋಡೋಣ” ಎಂಬ ಉತ್ತರಕ್ಕೆ ಇನ್ನು ಎಡೆಯಿಲ್ಲ.

ಹೊಸಬರನ್ನು ಪರೀಕ್ಷಿಸಿ ನೋಡುವ ಇಚ್ಛೆಯುಳ್ಳವರಿಗೆ 1961ರ ಶಿಶಿಕ್ಷು ಕಾಯ್ದೆಯ ದಾರಿಯೂ ಇದೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಪದವೀಧರರನ್ನು ನೋಂದಾಯಿಸಿಕೊಂಡರೆ, ನಿಗದಿತ ಕನಿಷ್ಠ ಶಿಷ್ಯವೇತನದ ಅರ್ಧದಷ್ಟನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ತರಬೇತಿ ಕಾಲದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅರಿಯಬಹುದು. ತರಬೇತಿಗೆ ಮಾಡಿದ ಖರ್ಚಿಗೆ ಪ್ರತ್ಯೇಕ ಲೆಜರ್ ಖಾತೆಯನ್ನು ಮೊದಲ ದಿನದಿಂದಲೇ ತೆರೆದಿಡಿ. ಮುಂದೆ ಬಾಂಡ್ ಬರೆಸುವ ಪ್ರಸಂಗ ಬಂದರೆ ಅದರ ಮೊತ್ತವನ್ನು ಆ ಖಾತೆಯೇ ಹೇಳುತ್ತದೆ.